ಹಳೆಯ ಟೇಪಿನಿಂದ ಬಂದ ಪುಟಗಳು

ಸತ್ತ ಮಕ್ಕಳಿಗೆ ಮದುವೆ ಮಾಡಿಸುವ ನಮ್ಮ ಕಡೆಯ ಪದ್ಧತಿಯನ್ನು ನಾನು ಬಹಳ ವರ್ಷ ಗೇಲಿ ಮಾಡಿದವನು. ಮೂರು ದಿನ ಬದುಕಿದ ಶಿಶು ಪರಲೋಕದಲ್ಲಿ ಬೆಳೆದು ಮದುವೆಯ ಪ್ರಾಯಕ್ಕೆ ಬರುತ್ತದೆಂದು ಹಿರಿಯರು ಹೇಳಿದರೆ, ನೋಡಿಕೊಂಡು ಬಂದವರು ಯಾರೆಂದು ಕೇಳುತ್ತಿದ್ದೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟ ನಾನು ರೇಡಿಯೊದಿಂದ ಕಂಪ್ಯೂಟರಿನವರೆಗೆ ಎಲ್ಲವನ್ನೂ ಬಿಚ್ಚಿ ನೋಡಿ ಕಲಿತವನು. ಹೇಳಿಕೆಯ ಮಾತನ್ನು ಒಪ್ಪುವ ಅಭ್ಯಾಸ ನನಗಿಲ್ಲ.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯ ಒಂದು ಹೆರಿಗೆ ಆಸ್ಪತ್ರೆಯ ಸರ್ವರನ್ನು ನಾನು ನೋಡಿಕೊಳ್ಳುತ್ತೇನೆ. ಅದರ ಡಿಸ್ಕು ಪಾಲಾದ ಮನೆಯಂತೆ. ಹಲವು ಪಾರ್ಟಿಷನ್‌ಗಳು, ಒಂದರ ವಸ್ತು ಇನ್ನೊಂದರಲ್ಲಿ ಸಿಗದು, ಬ್ಯಾಕಪ್ಪನ್ನೂ ಪ್ರತ್ಯೇಕವಾಗಿಯೇ ತೆಗೆಯಬೇಕು. ಹುಟ್ಟಿ ಉಳಿಯದ ಶಿಶುಗಳ ಹಳೆಯ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿ ಒಂದು ಪಾರ್ಟಿಷನ್ನಿನಲ್ಲಿ ಇಟ್ಟಿದ್ದೆವು. ಹೊಸ ಸರ್ವರ್ ಬಂದಾಗ ಅದೊಂದನ್ನು ಬ್ಯಾಕಪ್ ಪಟ್ಟಿಗೆ ಸೇರಿಸಲು ನಾನು ಮರೆತಿದ್ದೆ. ತಪ್ಪು ತಿಳಿದದ್ದು ಡಿಸ್ಕು ಕೆಟ್ಟ ದಿನ.

ಸತ್ತವರ ಮದುವೆಗಳು ನಡೆಯುವ ಆಟಿ ತಿಂಗಳ ಆ ಬೆಳಿಗ್ಗೆಯೇ ನರಿಕೊಂಬಿನ ಲೀಲಕ್ಕ ಬಂದು ಕುಳಿತಿದ್ದರು. ಇಪ್ಪತ್ತೆಂಟು ವರ್ಷಗಳ ಹಿಂದೆ ಅವರ ಚೊಚ್ಚಲ ಹೆಣ್ಣುಮಗು ಇದೇ ಆಸ್ಪತ್ರೆಯಲ್ಲಿ ಹುಟ್ಟಿ ಮೂರನೆಯ ದಿನ ತೀರಿಕೊಂಡಿತ್ತು. ಅವರಿಗೆ ಆಗ ವಾರವಿಡೀ ಪ್ರಜ್ಞೆ ಇರಲಿಲ್ಲ; ಮಗುವಿನ ಮುಖವನ್ನೂ ಕಂಡಿರಲಿಲ್ಲ. ಹುಟ್ಟಿದ ದಿನವನ್ನು ಗಂಡನ ಮನೆಯವರು ಒಂದು ಹೇಳುತ್ತಿದ್ದರು, ತವರಿನವರು ಇನ್ನೊಂದು. ಈಗ ಆ ಮಗುವಿಗೆ ಕಕ್ಕಿಂಜೆಯ ಸಂಬಂಧ ಕೂಡಿಬಂದಿತ್ತು. ಅಲ್ಲಿಯ ಹುಡುಗನೂ ಅದೇ ವರ್ಷ, ಅದೇ ತಿಂಗಳು ಹುಟ್ಟಿ ಅಳಿದವನು. ಹುಡುಗಿ ಒಂದು ದಿನವಾದರೂ ಕಿರಿಯಳೆಂದು ಸಂಜೆಯೊಳಗೆ ತೋರಿಸದಿದ್ದರೆ ಬೇರೆ ಕಡೆ ನೋಡುವುದಾಗಿ ಹುಡುಗನ ಮನೆಯವರು ಹೇಳಿ ಕಳುಹಿಸಿದ್ದರು.

"ಅಣ್ಣ, ನಿಮ್ಮ ಮಿಷಿನಿನಲ್ಲಿ ನನ್ನ ಮಗಳು ಉಂಟಾ? ಅವಳಿಗೂ ಒಂದು ಮನೆ ಆಗಬೇಕಲ್ಲ," ಎಂದರು ಲೀಲಕ್ಕ.

ದಾಖಲೆ ಕೋಣೆಯ ಮುಮ್ತಾಜ್ ನನ್ನ ಕಡೆ ನೋಡಿ, "ಅಣ್ಣನಿಗೆ ದೇವರ ಮೇಲೆ ಡೌಟು, ಭೂತದ ಮೇಲೆ ಡೌಟು. ಬ್ಯಾಕಪ್ಪಿನ ಮೇಲೆ ಒಂದು ನಂಬಿಕೆ ಇತ್ತು, ಅದೂ ಹೋಯ್ತು ಮಾರಾಯ್ರೆ," ಎಂದಳು.

ಹಳೆಯ ಸರ್ವರಿನ ಬ್ಯಾಕಪ್ ಇದ್ದ, ಆರು ವರ್ಷ ಹಿಂದಿನ ಒಂದು ಟೇಪು ಕಬ್ಬಿಣದ ಕಪಾಟಿನಲ್ಲಿತ್ತು. ಬೀಗದ ಕೈ ನನ್ನಲ್ಲಿಯೇ. ಅದರ ಮೇಲೆ ಏನನ್ನೂ ಬರೆಯಲಾಗದಂತೆ ಲಾಕ್ ಮಾಡಿಟ್ಟಿದ್ದೆ. ಸರ್ವರಿಗೆ ಹೊಸ ಡಿಸ್ಕು ಹಾಕಿ ಅದರಿಂದ ಆ ಪಾರ್ಟಿಷನ್ನನ್ನು ರಿಸ್ಟೋರ್ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು.

ಪ್ರತಿ ಶಿಶುವಿಗೂ ಒಂದೇ ಪುಟ. ಲೀಲಕ್ಕನ ಮಗುವಿನ ಫೋಲ್ಡರಿನಲ್ಲಿ ಇಪ್ಪತ್ತೊಂಬತ್ತಿದ್ದವು. ಮೊದಲನೆಯದರಲ್ಲಿ ಹುಟ್ಟು, ತೂಕ, ಮೂರನೆಯ ದಿನದ ಸಾವು. ಮುಂದಿನವು ವರ್ಷಕ್ಕೊಂದರಂತೆ, ಎಲ್ಲವೂ ಆಟಿಯವು. ತೂಕ ಏರುತ್ತಿತ್ತು, ಎತ್ತರ ಏರುತ್ತಿತ್ತು. ಕರೆತಂದವರ ಹೆಸರಿನ ಜಾಗ ಎಲ್ಲದರಲ್ಲೂ ಖಾಲಿ. ಕೊನೆಯ ಪುಟ ನಾವು ಕುಳಿತಿದ್ದ ಆ ವಾರದ್ದೇ.

ಮುಮ್ತಾಜ್ ಪುಟಗಳನ್ನು ಒಂದೊಂದಾಗಿ ಮತ್ತೆ ನೋಡಿದಳು. ಆಮೇಲೆ ತಗ್ಗಿದ ಸ್ವರದಲ್ಲಿ, "ಇದು ಎಲ್ಲಾ ನಮ್ಮ ಹಳೆ ನರ್ಸಕ್ಕನ ಅಕ್ಷರ. ಅವರು ತೀರಿಕೊಂಡಾಗ ಬೊಜ್ಜದ ಊಟಕ್ಕೆ ನಾನೇ ಹೋಗಿದ್ದೇನೆ, ಹತ್ತು ವರ್ಷ ಆಯ್ತು," ಎಂದಳು.

ಯಾರದೋ ಕಿತಾಪತಿ ಇರಬೇಕೆಂದು ನಾನು ಹಟ ಹಿಡಿದೆ. ಅದೇ ಟೇಪನ್ನು ಬೇರೊಂದು ಡಿಸ್ಕಿಗೆ ಮತ್ತೆ ಇಳಿಸಿದೆ. ಅಲ್ಲಿ ಒಂದೇ ಪುಟ ಬಂತು. ಸರ್ವರಿನಲ್ಲಿ ಮಾತ್ರ ಇಪ್ಪತ್ತೊಂಬತ್ತೂ ಹಾಗೆಯೇ ಉಳಿದವು. ಆ ಕೋಣೆಯಲ್ಲಿ ಒಬ್ಬನೇ ಕುಳಿತಿರಲು ನನಗೆ ಅಂದು ಮೊದಲ ಬಾರಿ ಹೆದರಿಕೆಯಾಯಿತು.

ಮೊದಲ ಪುಟವೊಂದನ್ನೇ ಪ್ರಿಂಟ್ ತೆಗೆದು ಲೀಲಕ್ಕನಿಗೆ ಕೊಟ್ಟೆ. ಹುಡುಗಿ ಹುಡುಗನಿಗಿಂತ ನಾಲ್ಕು ದಿನ ಕಿರಿಯಳು. ಅವರು ಕಾಗದವನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಸುತ್ತಿದರು. ಬಾಗಿಲ ತನಕ ಹೋದವರು ತಿರುಗಿ ನಿಂತು, "ಅವಳ ಬದಲಿಗೆ ಮಣೆಯ ಮೇಲೆ ಇಡಲಿಕ್ಕೆ ಸೀರೆ ರವಿಕೆ ಬೇಕಲ್ಲ, ರವಿಕೆ ಹೊಲಿಸಬೇಕು. ಈಗ ಎಷ್ಟು ಎತ್ತರ ಆಗಿದ್ದಾಳೋ ಏನೋ, ಅಲ್ವಾ ಅಣ್ಣ?" ಎಂದರು.

ಇಂಥ ಮಾತಿಗೆ ಜೀವಮಾನವೆಲ್ಲ ನಕ್ಕವನು ನಾನು. "ಐದು ಅಡಿ ಒಂದು ಇಂಚು," ಎಂದುಬಿಟ್ಟೆ.

ಹೇಗೆ ಗೊತ್ತೆಂದು ಅವರು ಕೇಳಲಿಲ್ಲ. "ಹಾಗಾದರೆ ನನ್ನಷ್ಟೇ," ಎಂದು ಹೇಳಿ ಬಿ.ಸಿ.ರೋಡಿನ ಬಸ್ಸಿಗೆ ಹೋದರು.

ಮದುವೆ ಮುಂದಿನ ವಾರ ನಡೆಯಿತು. ಅಂದಿನಿಂದ ಎರಡು ಆಟಿ ಕಳೆದರೂ ಆ ಫೋಲ್ಡರಿಗೆ ಹೊಸ ಪುಟ ಸೇರಿಲ್ಲ. ಇದ್ದವುಗಳನ್ನು ಅಳಿಸಲು ಎರಡು ಸಲ ಕುಳಿತೆ, ಕೈ ಬರಲಿಲ್ಲ. ಲೀಲಕ್ಕನನ್ನು ಪೇಟೆಯಲ್ಲಿ ಆಗಾಗ ಕಾಣುತ್ತೇನೆ. ಮಗಳ ಎತ್ತರ ನನಗೆ ಹೇಗೆ ಗೊತ್ತಾಯಿತೆಂದು ಎಂದಾದರೊಂದು ದಿನ ಅವರು ನಿಂತು ಕೇಳಿಯಾರು ಎಂದು ದಾರಿ ದಾಟಿ ಆಚೆ ಬದಿಗೆ ಹೋಗುತ್ತೇನೆ.