ಕ್ಯಾಸೆಟ್ಟಿಗೆ ಊದಗೊಡದ ಸ್ವಾಮಣ್ಣ

ವಿಡಿಯೋ ಗೇಮಿನ ಕ್ಯಾಸೆಟ್ಟು ಹತ್ತದೇ ಹೋದರೆ ಲೋಕದವರೆಲ್ಲ ಅದರ ಬಾಯಿಗೆ ಉಫ್ ಎಂದು ಊದುತ್ತಿದ್ದರು. ಸ್ವಾಮಣ್ಣನ ಅಂಗಡಿಯಲ್ಲಿ ಮಾತ್ರ ಅದು ನಡೆಯುತ್ತಿರಲಿಲ್ಲ. ಯಾರಾದರೂ ಕ್ಯಾಸೆಟ್ಟನ್ನು ತುಟಿಯ ಹತ್ತಿರ ತಂದರೆ ಸಾಕು, ಸ್ಟೂಲಿನಿಂದ ಎದ್ದೇಬಿಡುತ್ತಿದ್ದ. “ಊದ್ಬ್ಯಾಡ ಕಣ್ಲಾ! ಎಂಜಲು ಬೀಳ್ತದೆ. ಒಳಗೆ ಇರೋದು ಇತ್ತಾಳೆ, ಕಿಲುಬು ಕಟ್ತದೆ!” ಎಂದು ಕೂಗಿ ಕಿತ್ತುಕೊಳ್ಳುತ್ತಿದ್ದ. ಹೆಗಲ ಮೇಲಿನ ಟವೆಲ್ಲಿನ ಒಣ ತುದಿಯನ್ನು ಕಡ್ಡಿಗೆ ಸುತ್ತಿ, ಒಳಗಿನ ಹಿತ್ತಾಳೆ ಹಲ್ಲುಗಳನ್ನು ಒಂದೊಂದಾಗಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಯಂತ್ರಕ್ಕೆ ಹಾಕುತ್ತಿದ್ದ. ದೇವರ ಪಟಕ್ಕೆ ಹೂ ಇಡುವಾಗಲೂ ಅವನು ಅಷ್ಟು ಮೆತ್ತಗೆ ಇಟ್ಟದ್ದನ್ನು ನಾನು ಕಾಣೆ.

ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಹೆಂಚಿನ ಮಳಿಗೆ ಸಾಲಿನಲ್ಲಿ ನನ್ನದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಪಕ್ಕದ್ದು ಸ್ವಾಮಣ್ಣನ ವಿಡಿಯೋ ಗೇಮ್ ಅಂಗಡಿ. ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆ ಹಲಗೆಯಾಚೆಯಿಂದ ಇಡೀ ದಿನ ಟುಯ್ಯ್ ಟುಯ್ಯ್ ಸದ್ದು, ಯಾರೋ ಗೆದ್ದ ಕೇಕೆ, ಯಾರೋ ಸತ್ತ ಗೋಳು. ನನ್ನ ಮಿಷನ್ನಿನ ಸದ್ದು ನನಗೇ ಕೇಳುತ್ತಿರಲಿಲ್ಲ. ಎಷ್ಟೋ ರವಿಕೆಗಳ ತೋಳು ಆ ಗಲಾಟೆಯಲ್ಲೇ ಸೊಟ್ಟಗಾದವು. ನಾನು ಬೈದರೆ ಸ್ವಾಮಣ್ಣ ಹಲಗೆಯ ಸಂದಿಯಿಂದ ಒಂದು ಪೆಪ್ಪರಮೆಂಟು ತೂರಿಸುತ್ತಿದ್ದ. “ಕ್ವಾಪ ಮಾಡ್ಕಬ್ಯಾಡ ಸರೋಜಕ್ಕ, ಅದ್ನ ಚೀಪು,” ಎನ್ನುತ್ತಿದ್ದ. ನನಗಿಂತ ನಾಲ್ಕು ವರ್ಷ ಚಿಕ್ಕವನು. ಜಗಳ ಮುಂದುವರಿಸುವುದು ಹೇಗೆ?

ಉದ್ದಕ್ಕೆ ಒಣಗಿದ ಆಳು, ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರು. ಸಕ್ಕರೆ ಕಾರ್ಖಾನೆಯ ಸೀಸನ್ ಕೆಲಸ ಬಿಟ್ಟು ಅಂಗಡಿ ಇಟ್ಟವನು. ತಮಾಷೆಯೆಂದರೆ ಅವನಿಗೆ ಆಟ ಬರುತ್ತಿರಲಿಲ್ಲ. ಅವನ ಗೊಂಬೆ ಮೊದಲ ಹಳ್ಳಕ್ಕೇ ಬಿದ್ದು ಸಾಯುತ್ತಿತ್ತು. “ನಾನು ಆಡಾಕೆ ಉಟ್ಟೋನಲ್ಲ ಕಣಕ್ಕ, ಆಡ್ಸಾಕೆ ಉಟ್ಟೋನು,” ಎಂದು ನಗುತ್ತಿದ್ದ. ಆಗ ಮೈಸೂರಿನಿಂದ ಒಂದು ಹೊಸ ಕ್ಯಾಸೆಟ್ಟು ತರುವ ದುಡ್ಡಿಗೆ ನಾನು ಹದಿನೈದು ದಿನ ಬಗ್ಗಿ ಹೊಲಿಯಬೇಕಿತ್ತು. ಅಂಥ ಬೆಲೆಯ ವಸ್ತುವನ್ನು ಅವನು ಹಾಗೆ ಜೋಪಾನ ಮಾಡುತ್ತಿದ್ದುದರಲ್ಲಿ ಅತಿಶಯವೇನೂ ಇರಲಿಲ್ಲ.

ಮೂರು ನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೆ ಅಗ್ಗದ ಯಂತ್ರಗಳು ಬಂದವು. ಒಂದೇ ಕ್ಯಾಸೆಟ್ಟಿನಲ್ಲಿ ನೂರು ಆಟ ಇದೆಯೆಂದು ಮೇಲೆ ಅಚ್ಚು ಹಾಕಿರುತ್ತಿದ್ದರು. ಸಂತೆಯಲ್ಲಿ ಬಾಚಣಿಗೆ, ಟೇಪಿನ ಪಕ್ಕದಲ್ಲಿ ಅವನ್ನೂ ಹರಡಿಕೊಂಡು ಕೂತರು. ಮನೆಮನೆಗೆ ಯಂತ್ರ ಬಂದ ಮೇಲೆ ಅಂಗಡಿಗೆ ಯಾರು ಬರುತ್ತಾರೆ? ಹಲಗೆಯಾಚೆ ಸದ್ದು ನಿಂತಿತು. ನನ್ನ ಮಿಷನ್ನಿನ ಸದ್ದು ಮೊದಲ ಸಲ ಸರಿಯಾಗಿ ಕೇಳಿ, ಹಾಳಾದ್ದು ನನಗೆ ಬೇಸರವಾಯಿತು.

ಆ ಖಾಲಿ ದಿನಗಳಲ್ಲೇ ಒಬ್ಬ ಬಿಳಿಯ ಬಂದ. ಮೇಲುಕೋಟೆಗೆ ಹೊರಟಿದ್ದ ಅವನ ಕಾರು ನಮ್ಮ ಬೀದಿಯ ತುದಿಯಲ್ಲಿ ಪಂಚರ್ ಆಗಿತ್ತು. ಚಕ್ರ ಬದಲಿಸುವವರೆಗೆ ಸುಮ್ಮನೆ ಅಡ್ಡಾಡುತ್ತಿದ್ದವನು ಸ್ವಾಮಣ್ಣನ ಅಂಗಡಿಯೊಳಗೆ ಇಣುಕಿ, ಗೋಡೆಗೆ ಜೋಡಿಸಿದ್ದ ಹಳೆಯ ಕ್ಯಾಸೆಟ್ಟುಗಳನ್ನು ನೋಡಿ ನಿಂತೇಬಿಟ್ಟ. ಜೊತೆಗಿದ್ದ ಮೈಸೂರಿನ ಗೈಡು ಅವನ ಮಾತನ್ನು ಕನ್ನಡದಲ್ಲಿ ಹೇಳಿದ. ಅವರ ದೇಶದಲ್ಲಿ ಹಳೆಯ ಆಟಗಳನ್ನು ಹುಡುಕಿ ಕೂಡಿಡುವವರು ಹುಟ್ಟಿಕೊಂಡಿದ್ದಾರಂತೆ. ಈ ಕಡೆಯ ಚೀಟಿ ಅಂಟಿಸಿದ ಇಂಥ ಕ್ಯಾಸೆಟ್ಟುಗಳು ಅಲ್ಲಿ ನೋಡಲಿಕ್ಕೂ ಸಿಗುವುದಿಲ್ಲವಂತೆ. ವರ್ಷ ಕಳೆದಂತೆ ಬೆಲೆ ಏರುತ್ತದಂತೆ. ಒಂದಕ್ಕೆ ಅವನು ಆಗಲೇ ಹೇಳಿದ ಬೆಲೆ ಹೊಸದರ ಎರಡರಷ್ಟಿತ್ತು.

ನಾನು ಬಾಗಿಲಲ್ಲೇ ನಿಂತಿದ್ದೆ. ಕೊಟ್ಟುಬಿಡು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಸ್ವಾಮಣ್ಣ ಕೊಡಲಿಲ್ಲ. ವಿಳಾಸ ಬರೆಸಿಕೊಂಡು, ತನ್ನ ವಿಳಾಸ ಕೊಟ್ಟು, ಕೈಮುಗಿದು ಕಳಿಸಿದ. ನಾನು ಉಗಿದದ್ದಕ್ಕೆ, “ಬೆಲ್ಲದ ರೇಟು ಬಿದ್ದೋದ್ರೆ ತಿಪ್ಪೆಗೆ ಸುರೀತಾರಾ ಅಕ್ಕ? ಕಟ್ಟಿಟ್ಕಂಡು ಕಾಯಾಕಿಲ್ವಾ? ಇದೂ ಅಂಗೇಯಾ. ಇನ್ನೂ ಕೂಡಾಕ್ಬೇಕು,” ಎಂದ.

ಹೀಗೆ ಶುರುವಾಯಿತು ಅವನ ತಿರುಗಾಟ. ದುಡ್ಡು ಕೊಟ್ಟು ಕೊಳ್ಳಲು ಅವನ ಹತ್ತಿರ ದುಡ್ಡಿರಲಿಲ್ಲ. ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವರನ್ನು ನೋಡಿದ್ದನಲ್ಲ, ಅದೇ ದಾರಿ ಹಿಡಿದ. ಕ್ಯಾಸೆಟ್ಟು ಹುಡುಗರದ್ದಾದರೂ ಅಟ್ಟ ತಾಯಂದಿರದು ಎಂಬುದು ಅವನ ಲೆಕ್ಕಾಚಾರ. ಚೀಲದ ತುಂಬ ಪಾತ್ರೆ ತುಂಬಿಕೊಂಡು ಬೆಳಿಗ್ಗೆ ಬಸ್ಸು ಹತ್ತಿದರೆ ಒಂದು ದಿನ ಬೆಳಗೊಳ, ಒಂದು ದಿನ ಬಾಬುರಾಯನಕೊಪ್ಪಲು, ಒಂದು ದಿನ ಕೆ.ಆರ್. ಪೇಟೆ, ಇನ್ನೊಂದು ದಿನ ನಾಗಮಂಗಲ. “ಹಳೇ ಕ್ಯಾಸೆಟ್ಟಿಗೆ ಪಾತ್ರೇಏಏ” ಎಂದು ಅವನು ಬೀದಿಯಲ್ಲಿ ಕೂಗುವ ರಾಗವನ್ನು ನನ್ನ ಅಂಗಡಿಯಲ್ಲಿ ಕೂತು ಹಾಡಿ ತೋರಿಸುತ್ತಿದ್ದ. ನಾನು ನಕ್ಕು ನಕ್ಕು ಸೂಜಿ ಚುಚ್ಚಿಕೊಂಡದ್ದುಂಟು.

ಆ ಪಾತ್ರೆಗಳು ಎಲ್ಲಿಯವು ಎಂದು ತಿಳಿದ ದಿನ ನಗು ನಿಂತಿತು. ಅವು ಅವನ ಹೆಂಡತಿ ಜಯಮ್ಮನವು. ಬಿಂಡಿಗನವಿಲೆಯ ಹೆಣ್ಣು. ಅವಳ ತಾಯಿ ಕುರಿ ಮಾರಿ ಮಾರಿ ಮದುವೆಗೆ ಒಂದು ಗೂಡಿನ ತುಂಬ ಸ್ಟೀಲ್ ಪಾತ್ರೆ ಜೋಡಿಸಿಕೊಟ್ಟಿದ್ದಳು. ನಾಲ್ಕು ಡಜನ್ ಲೋಟ, ಮುಚ್ಚಳದ ಡಬ್ಬಗಳು, ಕೊಳಗ, ತಟ್ಟೆ. ಒಂದೊಂದರ ಮೇಲೂ ಚುಕ್ಕಿ ಚುಕ್ಕಿಯಾಗಿ ‘ಜಯಮ್ಮ’ ಎಂದು ಕೊರೆಸಿದ್ದಳು. ಜಯಮ್ಮ ನನ್ನ ಮುಂದೆಯೇ ಅವನನ್ನು ತಡೆದಳು.

“ನಮ್ಮವ್ವ ಕೊಟ್ಟಿದ್ದು ಕಣ್ರೀ ಅವು. ನನ್ನೆಸ್ರು ಕಂಡೋರ ಮನೆ ಸೇರ್ತಾ ಅದೆ.”

“ಒಂದಕ್ಕೆ ಎರಡು ತಂದು ಗೂಡು ತುಂಬ್ಸಿಕೊಡ್ತೀನಿ ಕಣಮ್ಮಿ. ಎಲ್ಲದ್ರ ಮ್ಯಾಲೂ ನಿನ್ನೆಸ್ರೇ ಬರ್ಸಿ. ಸರೋಜಕ್ಕನೇ ಸಾಕ್ಷಿ, ತಕ್ಕೋ,” ಎಂದ.

ನನ್ನನ್ನು ಕೇಳದೆಯೇ ನಾನು ಸಾಕ್ಷಿಯಾದೆ. ಜಯಮ್ಮ ನನ್ನ ಮುಖ ನೋಡಿದಳು. ನಾನೂ ತಲೆಯಾಡಿಸಿದೆ. ಅವನ ಮಾತಿನಲ್ಲಿ ಅಷ್ಟು ನಂಬಿಕೆ ಇತ್ತು, ನನಗೂ ಹಿಡಿದಿತ್ತು.

ಕ್ಯಾಸೆಟ್ಟಿನ ಬೆಲೆ ಬಿದ್ದದ್ದನ್ನು ನಾನು ಲೋಟದಲ್ಲೇ ಅಳೆದೆ. ಮೊದಲ ವರ್ಷ ಒಂದು ಕ್ಯಾಸೆಟ್ಟಿಗೆ ಮುಚ್ಚಳದ ಡಬ್ಬ ಕೊಡದೆ ಯಾವ ತಾಯಿಯೂ ಅಟ್ಟ ಹತ್ತುತ್ತಿರಲಿಲ್ಲ. ಮರುವರ್ಷ ಒಂದಕ್ಕೆ ಒಂದು ಲೋಟ ಸಾಕಾಯಿತು. ಆಮೇಲೆ ಲೋಟಕ್ಕೆ ಮೂರು. ಕೊನೆಗೆ ಕೆಲವರು ಕಸ ತೆಗೆದ ಹಾಗಾಯಿತೆಂದು ಪುಕ್ಕಟೆ ಕೊಟ್ಟರಂತೆ. ಅಷ್ಟು ಹೊತ್ತಿಗೆ ಜಯಮ್ಮನ ಗೂಡಿನಲ್ಲಿ ಎರಡು ತಟ್ಟೆ, ಒಂದು ಚೊಂಬು ಉಳಿದಿದ್ದವು. ಸ್ವಾಮಣ್ಣನ ಹತ್ತಿರ ಇನ್ನೂರು ಚಿಲ್ಲರೆ ಕ್ಯಾಸೆಟ್ಟುಗಳು ಸೇರಿದ್ದವು. ಅವಕ್ಕೆಲ್ಲ ನಾನೇ ಲಂಗದ ತುಂಡು ಬಟ್ಟೆಯಲ್ಲಿ ಒಂದೊಂದು ಚೀಲ ಹೊಲಿದುಕೊಟ್ಟೆ.

ಒಂದು ವರ್ಷ ದಸರೆಗೆ ಹದಿನೈದು ದಿನ ಇರುವಾಗ ಬಿಳಿಯನ ಕಾಗದ ಬಂತು. ಸ್ವಾಮಣ್ಣ ಅದನ್ನು ಕಾಲೇಜಿನ ಮೇಷ್ಟರೊಬ್ಬರಿಂದ ಓದಿಸಿಕೊಂಡು ಓಡಿಬಂದ. ಅಲ್ಲಿ ಬೆಲೆ ಮತ್ತೂ ಏರಿದೆ, ಸಂಕ್ರಾಂತಿಯ ಹೊತ್ತಿಗೆ ಬರುತ್ತೇನೆ, ಕೆಲಸ ಮಾಡುವವನ್ನೆಲ್ಲ ಒಟ್ಟಿಗೆ ಕೊಳ್ಳುತ್ತೇನೆ ಎಂದು ಬರೆದಿದ್ದನಂತೆ. ಆವತ್ತು ಸ್ವಾಮಣ್ಣ ಇಡೀ ಮಳಿಗೆ ಸಾಲಿಗೆ ಕಾಫಿ ತರಿಸಿದ. ಜಯಮ್ಮ ಮೈಸೂರಿನ ಪಾತ್ರೆ ಅಂಗಡಿಗೆ ಹೋಗುವಾಗ ನೀನೂ ಬಾ ಅಕ್ಕ ಎಂದು ನನಗೆ ಮೊದಲೇ ಹೇಳಿಟ್ಟಳು.

ಅಟ್ಟಗಳ ಮೇಲೆ ಬಿದ್ದಿದ್ದ ಕ್ಯಾಸೆಟ್ಟುಗಳ ಹಲ್ಲುಗಳು ಕರ್ರಗಾಗಿದ್ದವು. ಟವೆಲ್ಲಿನಿಂದ ಎಷ್ಟು ಒರೆಸಿದರೂ ಹೊಳಪು ಬರಲಿಲ್ಲ. ಅವನ್ನು ಮುಂದಿಟ್ಟುಕೊಂಡು ಕೂತಿದ್ದವನಿಗೆ ನಾನು ಹೇಳಿದೆ. ಹೌದು, ನಾನೇ ಹೇಳಿದೆ. “ಇತ್ತಾಳೆ ತಾನೆ ಸ್ವಾಮಣ್ಣ? ಎಂಗೂ ಆಯುಧ ಪೂಜೆ ಬತ್ತು. ಉಣ್ಸೆಣ್ಣು ಆಕಿ ತಿಕ್ಬುಡು. ನಮ್ಮ ದೀಪಾಲೆ ಕಂಬ ಎಂಗಾಯ್ತವೆ ನೋಡಿಲ್ವಾ?”

ಅವನ ಮುಖ ಅರಳಿತು. “ಇದು ನಂಗೆ ಒಳೀಲಿಲ್ವಲ್ಲಕ್ಕ!” ಎಂದ.

ಆಯುಧ ಪೂಜೆಯ ಹಿಂದಿನ ದಿನ ಎಲ್ಲ ಕ್ಯಾಸೆಟ್ಟುಗಳ ಸ್ಕ್ರೂ ಬಿಚ್ಚಿ, ಒಳಗೆ ಹಲ್ಲುಗಳಿದ್ದ ಹಸಿರು ಹಲಗೆಗಳನ್ನು ಹೊರತೆಗೆದು, ಹುಣಸೆಹಣ್ಣಿನ ನೀರಿನಲ್ಲಿ ನೆನೆಸಿಟ್ಟ. ನಾನೂ ಕೆಲಸ ಬಿಟ್ಟು ತಿಕ್ಕಲು ಕೂತೆ. ಹಲ್ಲುಗಳು ಬಂಗಾರದ ಹಾಗೆ ಹೊಳೆದವು. ಕೊಡದ ನೀರಿನಲ್ಲಿ ಅದ್ದಿ, ಮೊರದ ಮೇಲೆ ಹರಡಿ ಬಿಸಿಲಿಗಿಟ್ಟು, ಸಂಜೆ ಮತ್ತೆ ಜೋಡಿಸಿ ನನ್ನ ಬಟ್ಟೆ ಚೀಲಗಳಿಗೆ ತುಂಬಿದೆವು. ಪೂಜೆಯ ದಿನ ನನ್ನ ಮಿಷನ್ನಿನ ಪಕ್ಕದಲ್ಲೇ ಆ ರಾಶಿಗೂ ಅರಿಶಿನ ಕುಂಕುಮ ಇಟ್ಟು, ಕುಂಬಳಕಾಯಿ ಒಡೆದ. ಬಿಳಿಯ ಬರುವವರೆಗೆ ಯಾರೂ ಮುಟ್ಟಬಾರದು ಎಂದು ಟ್ರಂಕಿಗೆ ಬೀಗ ಹಾಕಿದ.

ಬಿಳಿಯ ಸಂಕ್ರಾಂತಿ ಕಳೆದ ಮೂರನೆಯ ದಿನ ಬಂದ, ಅದೇ ಗೈಡಿನ ಜೊತೆ. ಜಯಮ್ಮ ಸೆರಗು ಹೊದ್ದು ಅಂಗಡಿಯ ಮೂಲೆಯಲ್ಲಿ ನಿಂತಿದ್ದಳು. ಮೊದಲ ಕ್ಯಾಸೆಟ್ಟು ಹಾಕಿದರು. ಟಿವಿಯಲ್ಲಿ ಬೂದಿ ಬಣ್ಣ. ಎರಡನೆಯದು, ಮೂರನೆಯದು, ಹತ್ತನೆಯದು. ಬೂದಿ ಬಣ್ಣ. ಬಿಳಿಯ ಒಂದನ್ನು ತುಟಿಯ ಹತ್ತಿರ ತಂದು ಉಫ್ ಎಂದು ಊದಿದ. ನಾನು ಸ್ವಾಮಣ್ಣನ ಕಡೆ ನೋಡಿದೆ. ಅವನು ಸ್ಟೂಲಿನಿಂದ ಏಳಲಿಲ್ಲ.

ಆಮೇಲೆ ಒಂದನ್ನು ಬಿಚ್ಚಿ ನೋಡಿದರು. ಹಲ್ಲುಗಳ ಮೇಲೆ ಹಸಿರು ಕಿಲುಬು ಬೆಳೆದಿತ್ತು. ಹಲಗೆಯ ಮೇಲಿನ ಸಣ್ಣ ಗೆರೆಗಳನ್ನು ಹುಳಿ ತಿಂದುಹಾಕಿತ್ತು. ಏನು ಹಾಕಿ ತೊಳೆದಿರಿ ಎಂದು ಗೈಡು ಕೇಳಿದ. ಸ್ವಾಮಣ್ಣ ಹೇಳಿದ. ಅದನ್ನು ಇಂಗ್ಲಿಷಿಗೆ ಮಾಡಲು ಗೈಡು ತಡವರಿಸಿದ. ಬಿಳಿಯ ಒಳ್ಳೆಯವನು. ನಗಲಿಲ್ಲ, ಗದರಲಿಲ್ಲ. ಮಧ್ಯಾಹ್ನದವರೆಗೂ ಕೂತು ಎಲ್ಲವನ್ನೂ ಹಾಕಿ ನೋಡಿದ. ಏಳು ಮಾತ್ರ ಹತ್ತಿದವು. ಹೇಳಿದ ಬೆಲೆಗೇ ಆ ಏಳನ್ನೂ ಕೊಂಡು, ಸ್ವಾಮಣ್ಣನ ಭುಜ ಮುಟ್ಟಿ, ಹೊರಟುಹೋದ.

ಉಳಿದವನ್ನು ಮುಂದಿಟ್ಟುಕೊಂಡು ಸ್ವಾಮಣ್ಣ ಒಬ್ಬನೇ ಕೂತ. ಸ್ವಲ್ಪ ಹೊತ್ತಿಗೆ ಹಲಗೆಯಾಚೆಯಿಂದ ಒಂದು ಸದ್ದು ಕೇಳತೊಡಗಿತು. ಉಫ್. ಕ್ಯಾಸೆಟ್ಟು ಹಾಕುವ ಕಟಕ್. ಮತ್ತೆ ಉಫ್. ಬೀದಿ ದೀಪ ಹತ್ತುವವರೆಗೂ ಊದಿದ. ನಾನು ಎದ್ದು ಹೋಗಿ ಅವನ ಮುಂದೆ ನಿಲ್ಲಬೇಕಿತ್ತು. ಕತ್ತರಿ ಕೈಯಲ್ಲಿ ಹಿಡಿದು ಕೂತೇ ಇದ್ದೆ.

ಏಳರ ದುಡ್ಡು ಮಳಿಗೆಯ ಬಾಕಿ ಬಾಡಿಗೆಗೆ ಹೋಯಿತು. ಯುಗಾದಿಗೆ ಮುಂಚೆ ಅಂಗಡಿ ಖಾಲಿ ಮಾಡಿದರು. ಬಿಂಡಿಗನವಿಲೆಯ ಮಾವನ ಮನೆಗೆ ಹೋಗಿ ಕುರಿ ನೋಡಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಹೊರಡುವ ದಿನ ಹೇಳಿ ಹೋಗಲು ಇಬ್ಬರೂ ನನ್ನ ಅಂಗಡಿಗೆ ಬಂದರು. ಜಯಮ್ಮ ಕೂತವಳೇ ಅತ್ತುಬಿಟ್ಟಳು.

“ಉಣ್ಸೆಣ್ಣು ಆಕೋ ಬುದ್ಧಿ ಇವ್ರದ್ದಲ್ಲ ಕಣಕ್ಕ. ಊದಾಕೂ ಬುಡ್ದಿದ್ದ ಮನ್ಸ. ಯಾರೋ ಏಳಿಕೊಟ್ಟವ್ರೆ. ಅಂಗೇಳಿದೋರ ಮನೆ ಆಳಾಗೋಗ! ಅವ್ರ ಗೂಡಲ್ಲೂ ಒಂದು ಲೋಟ ಉಳೀದಂಗೆ ಆಗೋಗ!”

ಸ್ವಾಮಣ್ಣ ನನ್ನ ಕಡೆ ತಿರುಗಲೂ ಇಲ್ಲ. ಬಾಗಿಲಾಚೆ ಬಸ್ಸು ಬಂತೇನೋ ಎಂದು ನೋಡುತ್ತಲೇ, “ಯಾರ್ನೂ ಬೈಬ್ಯಾಡ ಕಣಮ್ಮಿ. ಯಾರೂ ಏಳ್ನಿಲ್ಲ. ನಂದೇ ತಲೆ ಅದು,” ಎಂದ. ಆಮೇಲೆ ಜೇಬಿನಿಂದ ಒಂದು ಪೆಪ್ಪರಮೆಂಟು ತೆಗೆದು ನನ್ನ ಮಿಷನ್ನಿನ ಮೇಲಿಟ್ಟ. “ಬತ್ತೀವಿ ಸರೋಜಕ್ಕ.”

ನಾನು ಬಾಯಿ ಬಿಡಲಿಲ್ಲ. ಬಸ್ಸು ಹೊರಟ ಮೇಲೂ ಬಿಡಲಿಲ್ಲ. ಒಂದು ಸಲ ಬಿಂಡಿಗನವಿಲೆಗೆ ಹೋಗಿ ಜಯಮ್ಮನ ಮುಂದೆ ಒಪ್ಪಿಕೊಳ್ಳಬೇಕು ಎಂದು ವರ್ಷಗಟ್ಟಲೆ ಅಂದುಕೊಂಡೆ. ನಾಗಮಂಗಲದ ಬಸ್ಸು ನಮ್ಮ ಬೀದಿಯ ತುದಿಯಿಂದಲೇ ಹೊರಡುತ್ತಿತ್ತು. ನಾನು ಹತ್ತಲಿಲ್ಲ. ಸ್ವಾಮಣ್ಣ ಕುರಿ ಹಟ್ಟಿಯಲ್ಲೇ ಎದೆ ಹಿಡಿದುಕೊಂಡು ಬಿದ್ದುಹೋದ ಸುದ್ದಿ ಅವನ ತಿಥಿ ಕಳೆದ ಮೇಲೆ ಬಂತು.

ಆಮೇಲೊಮ್ಮೆ ರವಿಕೆಗಳನ್ನು ಕೊಡಲು ಕೆ.ಆರ್. ಪೇಟೆಯ ಒಂದು ಮನೆಗೆ ಹೋಗಿದ್ದೆ. ಮನೆಯಾಕೆ ಕುಡಿಯಲು ನೀರು ತಂದುಕೊಟ್ಟಳು. ಲೋಟದ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಜಯಮ್ಮ’ ಎಂದಿತ್ತು. ಹೊಲಿಗೆಯ ಕೂಲಿ ಬೇಡ, ಈ ಲೋಟ ಕೊಟ್ಟುಬಿಡಿ ಎಂದು ಕೇಳಿದೆ. ಬೇಕಾದರೆ ಎರಡು ಹೊಸ ಲೋಟ ತಂದುಕೊಡುತ್ತೇನೆ ಎಂದೂ ಹೇಳಿದೆ.

“ಅಯ್ಯೋ, ಇದ್ನ ಕೊಡಾಕಿಲ್ಲ ಕಣವ್ವ,” ಎಂದಳು ಆಕೆ. “ಮೂರು ಕ್ಯಾಸೆಟ್ಟು ಕೊಟ್ಟು ತಗಂಡಿರೋದು.”

ನಾನು ನೀರು ಕುಡಿದು ಮುಗಿಸುವವರೆಗೂ ಅಲ್ಲೇ ನಿಂತಿದ್ದು, ಲೋಟ ಇಸಿದುಕೊಂಡು ಒಳಗೆ ಹೋದಳು.