ಯಂತ್ರಕ್ಕೆ ಮನುಷ್ಯರ ದನಿ ಕೊಟ್ಟ ಆಚಾನ್ ಪಿಕುನ್

ಈ ಅಭಿನಂದನ ಗ್ರಂಥವನ್ನು ಕೈಗೆತ್ತಿಕೊಂಡ ನಮ್ಮ ಆಚಾನ್, ಅಂದರೆ ಗುರುಗಳು, ನನ್ನ ಹೆಸರಿನ ಮೇಲೆ ಬೆರಳಿಟ್ಟು, "ಒರತಾಯ್... ಯಾವ ಒರತಾಯ್?" ಎಂದು ಪಕ್ಕದವರನ್ನು ಕೇಳಿಬಿಟ್ಟರೆ? ಬರೆಯಲು ಕೂತಾಗಿನಿಂದ ನನ್ನೊಳಗೆ ನಾನೇ ಹೇಳಿಕೊಳ್ಳುತ್ತಿರುವ ಅಂಜಿಕೆ ಇದು.

ಖೋನ್ ಕೇನ್ ನಗರದ ನಮ್ಮ ಸಿನಿಮಾ ವಿಭಾಗದಿಂದ ಈ ವರ್ಷ ನಿವೃತ್ತರಾಗುತ್ತಿರುವ ಆಚಾನ್ ಪಿಕುನ್ ಸೆಂಗ್‌ಥೋಂಗ್ ಅವರು, ತೆರೆಯ ಮೇಲೆ ಮನಸ್ಸು, ನೆನಪು, ಯಂತ್ರಬುದ್ಧಿಗಳು ಮೂಡಿಬರುವ ಬಗೆಯನ್ನು ನಮ್ಮ ಸೀಮೆಯಲ್ಲಿ ಪಾಠವಾಗಿಸಿದವರು. ಅದು ಬರಿಯ ಪುಸ್ತಕದ ವಿದ್ವತ್ತಲ್ಲ. ಹದಿಹರೆಯದಲ್ಲಿ ಔಷಧಿ ಮಾರುವವರ ವ್ಯಾನಿನೊಡನೆ ಊರೂರು ಸುತ್ತಿ, ಜನ ಸೇರಿಸಲು ಅವರು ಬಯಲಲ್ಲಿ ತೋರಿಸುತ್ತಿದ್ದ ದನಿಯಿಲ್ಲದ ಸಿನಿಮಾದ ತೆರೆಯ ಪಕ್ಕ ಮೈಕು ಹಿಡಿದು, ನಾಯಕ, ನಾಯಕಿ, ಮುದುಕಿ, ದೆವ್ವ ಎಲ್ಲರಿಗೂ ತಾವೊಬ್ಬರೇ ದನಿಯಾಗಿದ್ದವರು ಅವರು. ನಾಯಕನ ಬಾಯಲ್ಲೇ ಕೆಮ್ಮಿನ ಔಷಧಿಯನ್ನು ಹೊಗಳಿಸುವುದು, ಊಟ ಹಾಕಿದ ಮನೆಯವರನ್ನು ಹರಸುವುದು ಆ ಕಸುಬಿನ ಪದ್ಧತಿ. ತರಗತಿಯಲ್ಲೂ ಚಿತ್ರದ ಸದ್ದಡಗಿಸಿ ನಮ್ಮ ಕೈಗೆ ಮೈಕು ಕೊಡುತ್ತಿದ್ದರು.

"ಯಂತ್ರ ಅಂದಕೂಡ್ಲೆ ಯಾಕ್ರೇ ಮೂಗಲ್ಲಿ ಮಾತಾಡ್ತೀರಾ? ಅದಕ್ಕೇನು ನೆಗಡಿನಾ?" ಎಂದು ಗದರುವರು. "ಸಿನಿಮಾದ ಯಂತ್ರ ಒಂದೋ ಪ್ರೀತಿಸತ್ತೆ, ಇಲ್ಲ ಕೊಲ್ಲತ್ತೆ. ನಡುವಿನ ಸಣ್ಣಬುದ್ಧಿಯೆಲ್ಲ ಎಲ್ಲಿಗೆ ಹೋಯ್ತು?"

ಆ ಸಣ್ಣಬುದ್ಧಿ ನನ್ನಲ್ಲಿತ್ತು. ಯಂತ್ರದ ಪಾತ್ರ ಬಂದಾಗಲೆಲ್ಲ ಅದು ಸಹಪಾಠಿ ರುಂಗ್‌ನಪಾಳ ಪಾಲು. ನನ್ನ ಪಾಲಿಗೆ ಬಾಗಿಲು ಮುಚ್ಚುವ, ಹೆಜ್ಜೆ ಇಡುವ ಸದ್ದು.

ಎರಡನೆಯ ವರ್ಷ ನಾನು ಮೈಕಿನ ಮುಂದೆ ಬಾಯಿ ಕಟ್ಟಿ ಕೂತ ದಿನ ಆಚಾನ್ ಗದರಲಿಲ್ಲ, ಮನೆಗೆ ಕರೆದೊಯ್ದರು. ಮರೆವು ಕವಿದ ಅವರ ತಾಯಿ ನನ್ನನ್ನು ತಮ್ಮ ತೀರಿಹೋದ ತಂಗಿಯೆಂದೇ ಬಗೆದು, "ಚಂಪಾ, ಪಪ್ಪಾಯಿ ಕೋಸಂಬರಿಗೆ ಖಾರ ಸಾಲದು ಕಣೇ, ಜಿಪುಣಿ!" ಎಂದು ಬೈದರು. "ಹಾಕ್ದೆ ಅಕ್ಕಾ," ಎಂದೆ. ದನಿ ತಾನಾಗಿ ಹೊರಟಿತ್ತು.

"ಸಿನಿಮಾ ಆಗಿದ್ರೆ ಇಷ್ಟೊತ್ತಿಗೆ ಮಂಜು ಕವಿದು ಪಿಟೀಲು ಅಳ್ತಿತ್ತು," ಎಂದು ಆಚಾನ್ ನಕ್ಕರು. "ನೋಡು, ನೆನಪು ಹೋದವರು ಇಲ್ಲಿ ಖಾರ ಕೇಳ್ತಾರೆ."

ಆ ಮಧ್ಯಾಹ್ನವನ್ನು ನನ್ನೊಬ್ಬಳದೇ ಎಂದು ಕಾಪಿಟ್ಟುಕೊಂಡಿದ್ದೆ, ರುಂಗ್‌ನಪಾ ನನಗಿಂತ ಮೊದಲೇ ಅಲ್ಲಿಗೆ ಹೋಗಿ ಚಂಪಾ ಆಗಿ ಬಂದವಳೆಂದು ತಿಳಿಯುವವರೆಗೆ. ಸತ್ತ ತಂಗಿಯ ಸ್ಥಾನದಲ್ಲೂ ನಾನು ಎರಡನೆಯವಳು!

ಕಳೆದ ತಿಂಗಳ ಬೀಳ್ಕೊಡುಗೆಗೆ ದೈವದ ಗುಡಿಯ ಮುಂದೆ ಸಂಜೆ ಒಬ್ಬ ವಿಜ್ಞಾನಿ ಮತ್ತು ಅವಳ ಯಂತ್ರದ ಕಥೆಯ ಚಿತ್ರವನ್ನು ಸದ್ದಡಗಿಸಿ ತೋರಿಸಿದೆವು. ವಾಡಿಕೆಯಂತೆ ಮುಂದಿನ ಸಾಲಿನ ಕುರ್ಚಿಗಳು ದೈವಗಳಿಗೆ ಖಾಲಿ. ಎರಡನೆಯ ಸಾಲಿನಲ್ಲಿ ಆಚಾನ್. ರುಂಗ್‌ನಪಾ ವಿಜ್ಞಾನಿಯ ಮಾತನ್ನು ತಾನಿಟ್ಟುಕೊಂಡು, ಯಂತ್ರದ್ದನ್ನು ನನಗೆ ಬಿಟ್ಟಳು. "ಈ ಸಲ ನೀನೇ ಮಾಡೇ. ಹಳೇ ಪದ್ಧತಿ ಗೊತ್ತಲ್ಲ, ಕೊನೇಲಿ ಆಚಾನ್‌ಗೆ ಹಾರೈಕೆ ಸೇರ್ಸು." ಅವಳ ಒಳ್ಳೆಯತನವೂ ನನ್ನನ್ನು ಚುಚ್ಚಿತು.

ಎಲ್ಲರ ನೆನಪನ್ನು ಹೊತ್ತ ಯಂತ್ರವನ್ನು ಶಾಶ್ವತವಾಗಿ ನಿಲ್ಲಿಸುವ ಮುನ್ನ ವಿಜ್ಞಾನಿ ಬಾಯಿ ತೆರೆದಳು, ರುಂಗ್‌ನಪಾ ದನಿ ಕೊಟ್ಟಳು: "ನಿನಗೇನು ಬೇಕು?"

"ಆಚಾನ್ ನೂರು ವರ್ಷ ಬಾಳಲಿ," ಎಂದೆ. "ಅರ್ಧಕ್ಕೆ ನಿಂತ ಪುಸ್ತಕ ಮುಗಿಸಲಿ. ದನಿ ಬತ್ತದೆ ಇನ್ನಷ್ಟು ಮಕ್ಕಳನ್ನ ಗದರಲಿ."

ಜನ ಚಪ್ಪಾಳೆ ತಟ್ಟಿದರು. ಯಂತ್ರದ ಮುಖ ತೆರೆಯ ಮೇಲೆ ಇನ್ನೂ ಇತ್ತು, ಮೈಕೂ ನನ್ನ ಕೈಯಲ್ಲೇ ಇತ್ತು.

"ನಂಗೆ ರುಂಗ್ ಮೇಲೆ ಹೊಟ್ಟೆಕಿಚ್ಚು, ಆಚಾನ್. ಅವಳನ್ನ ನೆನಪಿಟ್ಕೊಳ್ಳೋ ಹಾಗೆ ನನ್ನನ್ನೂ ನೆನಪಿಟ್ಕೊಳ್ಳಿ."