ಗಂಗವ್ವನ ಸಪ್ಪನ ಚಹಾ

ನಮ್ಮ ಕಡೆ ಓಟು ಕೇಳಲು ಹೋದವನು ಮನೆಯವರ ಚಹಾ ಬೇಡ ಅಂದರೆ ಓಟೂ ಬೇಡ ಅಂದಂತೆ. ಕಾಲೇಜಿನಲ್ಲಿ ಆರೋಗ್ಯದ ಪಾಠ ಹೇಳುತ್ತಿದ್ದ ನಾನು ನಗರಸಭೆ ಸದಸ್ಯನಾಗಿ, ಆಮೇಲೆ ಲೋಕಸಭೆಗೆ ನಿಂತಾಗ, ಮುಂಜಾನೆ ಪೂಜೆ ಮುಗಿಸಿ ಹೊರಟರೆ ಸಂಜೆಯವರೆಗೂ ಪಾಕದಂಥ ಚಹಾ ಕುಡಿಯುವುದೇ ಕೆಲಸವಾಯಿತು.

ಹಂಸಭಾವಿ ಎಂಬ ಊರಲ್ಲಿ ಗಂಗವ್ವ ಎಂಬ ಮುದುಕಿಯ ಮನೆಕಟ್ಟೆಯ ಮೇಲೆ ಕುಂತೆ. ಹಿಂದೊಮ್ಮೆ ಆರೋಗ್ಯ ಶಿಬಿರದಲ್ಲಿ ಭಾಷಣ ಮಾಡಿ ಆಕೆಗೆ ಸಕ್ಕರೆ ಬಿಡಿಸಿದವನು ನಾನೇ. ಆಕೆ ಕೊಟ್ಟ ಚಹಾ ಒಂದು ಗುಟುಕು ಕುಡಿದು, ನನಗೇ ಗೊತ್ತಿಲ್ಲದಂತೆ ಮುಖ ಸಿಂಡರಿಸಿದೆ.

"ಸಕ್ಕರಿ ಹಾಕೂದು ಮರತ್ಯೇನಬೇ ಯವ್ವಾ?"

"ಮರತಿಲ್ರಿ ಮಾಸ್ತರ. ನೀವು ಹೇಳಿದಾಗಿಂದ ನಾ ಇಂಥಾದ್ದ ಕುಡ್ಯಾಕತ್ತೇನಿ. ನೀವು ಒಮ್ಮೆರ ರುಚಿ ನೋಡಿದ್ರೇನು?"

"ಇಲ್ಲಬೇ."

"ಹಂಗಾರ ಪೂರ್ತಿ ಕುಡೀರಿ. ಈ ಮನ್ಯಾಗ ಓಟು ಭಾಳ ಅದಾವು. ಎಲ್ಲಾರೂ ನಿಮ್ಮ ಕಪ್ಪನ್ನ ನೋಡಾಕತ್ತಾರ."

ತಿರುಗಿ ನೋಡಿದರೆ ಮಕ್ಕಳು, ಸೊಸೆಯರು ಬಾಗಿಲ ತುಂಬ ನಿಂತಿದ್ದರು. ಶಿವನನ್ನು ನೆನೆದು ಒಂದೇ ಉಸಿರಿಗೆ ಕುಡಿದು, "ಭಾಳ ಚಲೋ ಆಗೇತಿ" ಅಂದೆ. ಪ್ರಚಾರದಲ್ಲಿ ನಾನು ಹೇಳಿದ ಅತಿ ಸಣ್ಣ ಸುಳ್ಳು ಅದೇ ಇರಬೇಕು.

ಗೆದ್ದೆ. ದಿಲ್ಲಿಯಲ್ಲಿ ಚಹಾದ ಜೊತೆ ಸಕ್ಕರೆಯನ್ನು ಬೇರೆ ಬಟ್ಟಲಲ್ಲಿ ಇಡುತ್ತಾರೆ. ಚಮಚ ಎತ್ತುವ ಮೊದಲು ಇವತ್ತಿಗೂ ಒಮ್ಮೆ ಬಾಗಿಲ ಕಡೆ ನೋಡುತ್ತೇನೆ.